ಕೈಮರ

ಅರಸೀಕೆರೆಯ ತಾಲ್ಲೂಕು ಆಸ್ಪತ್ರೆ. ಹೆರಿಗೆ ವಾರ್ಡಿನ ಫ್ರಿಜ್ಜಿನಲ್ಲಿ
ಆಕ್ಸಿಟೋಸಿನ್ ಆಂಪೂಲುಗಳ ಪಕ್ಕ, ಯಾರದೋ ಮೊಸರನ್ನದ ಡಬ್ಬಿಯ ಹಿಂದೆ
(ಊಟ ಇಡಬಾರದೆಂದು ಚೀಟಿ ಅಂಟಿಸಿದ್ದೇನೆ, ಯಾರು ಓದುತ್ತಾರೆ)
ಒಂದು ಸಿರಿಂಜಿನಷ್ಟು ಜೆಲ್ ಮಲಗಿದೆ.
ಮೂರು ಗ್ರಾಂ. ಅದರೊಳಗೆ ಅರ್ಧ ಮಿಲಿಗ್ರಾಂ ಮಾತು.
ಪ್ರೋಸ್ಟಗ್ಲಾಂಡಿನ್ ಅಂತ ಹೆಸರು.
ನಾನು ಬಸುರಿಯರಿಗೆ ಬಾಗಿಲ ಮದ್ದು ಅನ್ನುತ್ತೇನೆ.

ಗಂಗಾಮಣಿಗೆ ಇದು ಎರಡನೆಯದು, ನಲವತ್ತೊಂದು ವಾರ ದಾಟಿದೆ.
ಕೊಬ್ಬರಿ ಗೋದಾಮಿನಲ್ಲಿ ಚಿಪ್ಪು ಬಿಡಿಸುವವಳು,
ಉಗುರಿನ ಸಂದಿಯಲ್ಲಿ ಇನ್ನೂ ಕಂದು ಪುಡಿ.
"ಕೂಸಿಗೆ ಕೊಬ್ಬು ಕಣಕ್ಕ, ಬರಾಕೊಲ್ಲೆ ಅಂತದೆ."
ನಕ್ಕೆ. ಕೊಬ್ಬಿಲ್ಲದೆ ಯಾರು ಬಂದಾರು ಈ ಲೋಕಕ್ಕೆ?

ತರಬೇತಿಯಲ್ಲಿ ಫಿಲೋಮಿನಾ ಸಿಸ್ಟರ್ ಹೇಳಿಕೊಟ್ಟಿದ್ದರು:
ಜೀವಕೋಶಕ್ಕೆ ಕಾಗದವಿಲ್ಲ, ಶಾಯಿಯಿಲ್ಲ;
ಸುದ್ದಿ ಕಳಿಸಬೇಕಾದರೆ ತನ್ನ ಗೋಡೆಯನ್ನೇ ಕೆರೆದು
ಒಂದು ಚೂರು ಜಿಡ್ಡು ಕಿತ್ತು
ಮಡಿಸಿ, ತಿರುಚಿ, ಓಲೆ ಮಾಡುತ್ತದೆ.
ಓಲೆ ದೂರ ಹೋಗದು. ಪಕ್ಕದ ಮನೆ ಮುಟ್ಟಿ ಅಳಿಯುತ್ತದೆ.
ಕೂಡಿಡಲೂ ಬಾರದು,
ನಲ್ಲಿ ಮುಂದಿನ ಜಗಳದ ಹಾಗೆ
ಅಲ್ಲೇ ಹುಟ್ಟಿ ಅಲ್ಲೇ ಮುಗಿಯಬೇಕು.

ಅದೇ ಓಲೆ ತಲೆಗೆ ಮುಟ್ಟಿದರೆ ಜ್ವರ.
ಗಾಯಕ್ಕೆ ಮುಟ್ಟಿದರೆ ಕೆಂಪು, ಊತ, ಚಳುಕು.
ಹೊಟ್ಟೆಯಲ್ಲಿ ಮಾತ್ರ ಹುಳಿ ತಾಗದಂತೆ
ಗೋಡೆಗೆ ಲೋಳೆ ಸಾರಿಸುತ್ತ ಕೂರುತ್ತದೆ, ಸದ್ದಿಲ್ಲದೆ.
ಇದು ನನಗೆ ತಡವಾಗಿ ತಿಳಿಯಿತು.
ಮಂಡಿನೋವಿಗೆ ಎರಡು ವರ್ಷ ಗುಳಿಗೆ ನುಂಗಿದೆ.
ಮಂಡಿ ಸುಮ್ಮನಾಯಿತು;
ಒಂದು ಬೆಳಿಗ್ಗೆ ಕಾಫಿ ಚರಟದ ಬಣ್ಣದ ವಾಂತಿ.
ಗುಳಿಗೆಗೆ ಓಲೆ ಓದಲು ಬರುವುದಿಲ್ಲ.
ಬರೆಯುವ ಕೈಯನ್ನೇ ಕಟ್ಟಿಹಾಕುತ್ತದೆ.

ರಾತ್ರಿ ಹತ್ತೂ ಇಪ್ಪತ್ತಕ್ಕೆ ಜೆಲ್ ಹಾಕಿದೆ.
"ಅರ್ಧ ಗಂಟೆ ಅಲ್ಲಾಡಬೇಡ."
ಕಿಟಕಿಯಾಚೆ ಜಂಕ್ಷನ್. ಕೆಂಪಿಗೆ ಕಾಯುತ್ತ
ನಿಟ್ಟುಸಿರು ಬಿಡುವ ಗೂಡ್ಸು.
ಗಂಡ ಕಲ್ಲೇಶಿ ಹಳಿ ಕೆಲಸದವನು, ಕಾರಿಡಾರಿನ ಬೆಂಚಿನಲ್ಲಿ ಕೂತು
ಯಾರೂ ಕೇಳದಿದ್ದರೂ ಹೇಳಿದ:
"ನಮ್ಮಪ್ಪನ ಕಾಲಕ್ಕೆ ಕೈಮರ ಇತ್ತು ಸಿಸ್ಟರ್.
ತೋಳು ಬಿದ್ದರೆ ದಾರಿ.
ತಂತಿ ಎಳೆದೋನು ಎಲ್ಲೋ, ಅಲ್ಲಾಡಿದ್ದು ಎಲ್ಲೋ."

ಒಂದೂವರೆಗೆ ಅವಳ ಹುಬ್ಬು ಗಂಟಾಯಿತು.
ಎರಡಕ್ಕೆ ಮಂಚದ ಕಂಬಿ ಹಿಡಿದಳು.
ಮೂಗಿನ ತುದಿಯಷ್ಟು ಗಟ್ಟಿಯಿದ್ದ ಗರ್ಭದ ಕೊರಳು
ತುಟಿಯಷ್ಟು ಮೆದು.
ಕೈಮರ ಬಿದ್ದಿತ್ತು.

ಐದೂ ನಾಲ್ಕಕ್ಕೆ ಹೆಣ್ಣು. ಅತ್ತಳು.
ಆ ಅಳುವಿನೊಳಗೆ ಇನ್ನೊಂದು ಕೆಲಸ ನಡೆಯಿತು:
ಗುಂಡಿಗೆಯ ಪಕ್ಕದ ಒಂದು ಸಣ್ಣ ಓಣಿ,
ಇಷ್ಟು ದಿನ ಇದೇ ಜಿಡ್ಡು ತೆರೆದಿಟ್ಟಿದ್ದು,
ಮೊದಲ ಉಸಿರಿಗೆ ಶ್ವಾಸಕೋಶ ಓಲೆಗಳನ್ನು ನುಂಗಿದಂತೆ
ಮೆಲ್ಲಗೆ ಮುಚ್ಚಿಕೊಳ್ಳತೊಡಗಿತು.
ಒಂದು ಬಾಗಿಲು ಅದರ ಮಾತಿಗೆ ತೆರೆಯಿತು,
ಇನ್ನೊಂದು ಅದರ ಮೌನಕ್ಕೆ ಮುಚ್ಚಿತು.

ಹೋದ ಚಳಿಗಾಲದ ನೀಲಿ ಮಗುವಿಗೆ
ಆ ಓಣಿಯೊಂದೇ ದಾರಿಯಾಗಿತ್ತು.
ಮುಚ್ಚದಂತೆ ಹಿಡಿಯುವ ಹನಿ, ಇದರದೇ ತಂಗಿ,
ನಮ್ಮ ಫ್ರಿಜ್ಜಿನಲ್ಲಿ ಇರಲಿಲ್ಲ.
ಹಾಸನದಿಂದ ಹೊರಟಿದ್ದು ಹಾರನಹಳ್ಳಿ ದಾಟುವಷ್ಟರಲ್ಲಿ
ಫೋನು ಮಾಡಿ, ಬೇಡ, ತಿರುಗಿಸಿ ಅಂದವಳು ನಾನೇ.

ಮೇಲಿನ ಕೋಣೆಯ ಆಯುರ್ವೇದದ ಡಾಕ್ಟರು
ಎಣ್ಣೆಗೂ ತುಪ್ಪಕ್ಕೂ ಸ್ನೇಹ ಅನ್ನುತ್ತಾರೆ.
ಮೊದಲ ಸಲ ಕೇಳಿದಾಗ ತಮಾಷೆಯೆಂದುಕೊಂಡಿದ್ದೆ.

ಕೂಸಿನ ಕಂಕುಳ ಸಂದಿಯಲ್ಲಿ ಬೆಣ್ಣೆಯಂಥದ್ದು ಒಂದಿಷ್ಟು ಉಳಿದಿತ್ತು.
ಒರೆಸಲು ಬಂದ ಆಯಾಳಿಗೆ, ಇರಲಿ ಬಿಡು ಅಂದೆ.
ರಿಜಿಸ್ಟರಿನಲ್ಲಿ ಬರೆದೆ: ಜೆಲ್ ಒಂದು, ಮುಗಿದಿದೆ, ತರಿಸಬೇಕು.
ಅದರ ಕೆಳಗೆ ಆ ಹನಿಯ ಹೆಸರು,
ಮೂರನೇ ಸಲ, ಕೆಂಪು ಪೆನ್ನಿನಲ್ಲಿ.