ಹನ್ನೊಂದು ಯೂನಿಟ್

ಮುಂಬಯಿಯಲ್ಲಿ ಕೂತು ನಕ್ಷತ್ರ ನೋಡುತ್ತೇನೆಂದರೆ
ಪರೇಲಿನ ನಮ್ಮ ಮಾಳಿಗೆಯಲ್ಲಿ ಎಲ್ಲರಿಗೂ ನಗು.
ಇಲ್ಲಿ ರಾತ್ರಿಯೆಂದರೆ ಕಿತ್ತಳೆ ಬಣ್ಣದ ಮಬ್ಬು,
ಕ್ರೇನಿನ ತುದಿಯ ಕೆಂಪು ದೀಪವೇ ಧ್ರುವ.

ನಾನು ನೋಡುವುದು ಅಂಕಿ.
ಎಲ್ಲೋ ಮೇಲೆ ತೇಲುವ ದುರ್ಬೀನು
ರೆಪ್ಪೆ ಬಡಿಯದೆ ಬರೆದಿಟ್ಟ ಬೆಳಕಿನ ಜಮಾಖರ್ಚು:
ಇಷ್ಟು, ಇಷ್ಟು, ಇಷ್ಟು, ಇಷ್ಟು,
ಆಮೇಲೆ ನೂರಕ್ಕೊಂದು ಪಾಲು ಕಡಿಮೆ.
ಮೂರು ಗಂಟೆ ಹಾಗೇ.
ಮತ್ತೆ ಮೊದಲಿನಷ್ಟು.

ಅಪ್ಪ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗಿಸಿದ.
ದೂಮಪ್ಪ ಸಾಲ್ಯಾನ, ಮೂವತ್ತೊಂದು ವರ್ಷದ ಮೀಟರ್ ರೀಡರು.
ಚಾಳುಗಳ ಮೆಟ್ಟಿಲಡಿ ಟಾರ್ಚು ಬಿಟ್ಟು
ರಾತ್ರಿಶಾಲೆಯಲ್ಲಿ ಕಲಿತ ಕನ್ನಡದ ಅಂಕಿ ಮೊದಲು ಅಂಗೈಗೆ,
ಆಮೇಲೆ ಇಂಗ್ಲಿಷಿನಲ್ಲಿ ಪುಸ್ತಕಕ್ಕೆ.
"ಅಡ್ಡ ಬಂದದ್ದು ಯಾರು?" ಅಂದ.
ನನ್ನ ಗೈಡು ಕೇಳಿದ್ದೂ ಅದನ್ನೇ,
ಬಹಳ ಉದ್ದದ ವಾಕ್ಯದಲ್ಲಿ.

ಗ್ರಹವಿರಬಹುದು, ತನ್ನ ಸೂರ್ಯನ ಮುಂದೆ ಹಾಯುವಾಗ
ಅಷ್ಟು ಬೆಳಕು ಮರೆಯಾಗುತ್ತದೆ.
ಇಲ್ಲವೇ ನಕ್ಷತ್ರದ ಮೈಮೇಲಿನ ಕಲೆ,
ಹಿಂದೆಲ್ಲೋ ಎರಡು ನಕ್ಷತ್ರಗಳ ಕಣ್ಣಾಮುಚ್ಚಾಲೆ,
ಇಲ್ಲವೇ ಯಂತ್ರಕ್ಕೇ ತೂಕಡಿಕೆ.
"ಒಂದು ಸಲದ ರೀಡಿಂಗು ರೀಡಿಂಗೇ ಅಲ್ಲ.
ಎರಡನೆಯದಕ್ಕೆ ಅನುಮಾನಪಡು. ಮೂರನೆಯದಕ್ಕೆ ಬರಿ."

ನಾಲ್ಕು ದಿನದ ಆಚೆ ಎರಡನೆಯದು ಸಿಕ್ಕಿತ್ತು.
ಅದನ್ನು ತೋರಿಸಿದಾಗ ಹೇಳಿದ, ಎಂದೂ ಹೇಳದಿದ್ದದ್ದು:

ಗಿರಗಾಂವದ ಒಂದು ಚಾಳು, ಮೂರನೇ ಮಾಳಿಗೆ, ಕೊನೆಯ ಖೋಲಿ.
ಹೊರಗೆ ಬೀಗ. ಪುಸ್ತಕದಲ್ಲಿ 'ಬಂದ್'.
ಕೆಳಗೆ ಮೀಟರಿನ ತಗಡು ಚಕ್ರ ಮಾತ್ರ ತಿರುಗುತ್ತಿತ್ತು,
ಅಂಚಿನ ಕಪ್ಪು ಗೆರೆ ಸುತ್ತು ಹಾಕಿ ಬರುವಷ್ಟರಲ್ಲಿ
ಅರ್ಧ ಬೀಡಿ ಮುಗಿಯುವಷ್ಟು ನಿಧಾನ.
ತಿಂಗಳಿಗೆ ಹನ್ನೊಂದು ಯೂನಿಟ್.
ನಲವತ್ತರ ಬಲ್ಬು, ದಿನಕ್ಕೆ ಒಂಬತ್ತು ಗಂಟೆ.
ಮೇ ತಿಂಗಳು ಹತ್ತೊಂಬತ್ತು: ಫ್ಯಾನು ಬಂದಿದೆ.
ಮಳೆ ಹಿಡಿದ ಮೇಲೆ ಮತ್ತೆ ಹನ್ನೊಂದು.
ಗಣಪತಿಯ ತಿಂಗಳು ಹದಿಮೂರು: ಯಾರೋ ಬಂದು ಉಳಿದಿದ್ದರು.
"ಮುಖ ಕಂಡವನಲ್ಲ. ಆದರೆ ನನಗೆ ಅವರ ಪರಿಚಯವಿತ್ತು."

ಕಾಣದ್ದನ್ನು ತೂಗಲೂ ಬರುತ್ತದೆ ಅಪ್ಪಾ, ಅಂದೆ.
ದಾದರಿನ ಸೇತುವೆಯ ಗರ್ದಿಯಲ್ಲಿ
ಒಬ್ಬ ಹೆಂಗಸಿನ ತಲೆ ಮಾತ್ರ ಕಾಣುತ್ತದೆ,
ಗಳಿಗೆಗೊಮ್ಮೆ ಒಂದು ಬದಿಗೆ ಜಗ್ಗುತ್ತದೆ:
ಕೈಯಲ್ಲಿ ಮಗುವಿದೆ, ಓಡಬೇಕೆನ್ನುವ ಮಗು.
ನಕ್ಷತ್ರವೂ ಹಾಗೆ ತುಸು ನಮ್ಮತ್ತ ಜಗ್ಗಿ, ತುಸು ಆಚೆ ಜಗ್ಗಿ,
ಬರುವಾಗ ಬೆಳಕು ಒಂದೆಳೆ ನೀಲಿಗೆ, ಹೋಗುವಾಗ ಕೆಂಪಿಗೆ,
ಮಾಟುಂಗಾದಲ್ಲಿ ನಿಲ್ಲದ ಗಾಡಿಯ ಸೀಟಿ
ಬರುವಾಗ ಕೀರಲು, ದಾಟಿದೊಡನೆ ದಪ್ಪವಾಗುವಂತೆ.
ಎಷ್ಟು ಎಳೆತವೋ ಅಷ್ಟು ಮಗುವಿನ ತೂಕ.

ಎಲ್ಲರೂ ಹೀಗೆ ಸಿಗುವುದಿಲ್ಲ.
ಎದುರಿನ ಚಾಳಿನ ಗ್ಯಾಲರಿಯಲ್ಲಿ ನಡೆದವರಷ್ಟೇ
ಕಿಟಕಿಯ ದೀಪಕ್ಕೆ ಅಡ್ಡ ಬರುತ್ತಾರೆ, ಒಂದು ಕ್ಷಣ ಕಪ್ಪಾಗಿ.
ಹಿಂದಿನ ಮೆಟ್ಟಿಲಲ್ಲಿ ಹತ್ತಿಳಿಯುವವರು
ನಮ್ಮ ಕಡತದಲ್ಲಿ ಹುಟ್ಟಿಯೇ ಇಲ್ಲ.

"ಆಮೇಲೆ ಆ ಮೀಟರು?"
ಅಪ್ಪ ಚಹಾದ ಕೆನೆಯನ್ನು ಬೆರಳಲ್ಲಿ ಬದಿಗೆ ಸರಿಸಿದ.
"ಒಂದು ಫೆಬ್ರವರಿ ಸೊನ್ನೆ.
ಮಾರ್ಚೂ ಸೊನ್ನೆ.
ಏಪ್ರಿಲ್ಲಿಗೆ ಬರೆದೆ."
ಸ್ವಲ್ಪ ಹೊತ್ತು ಬಿಟ್ಟು: "ಬಾಗಿಲು ತಟ್ಟುವುದು
ನನ್ನ ಕೆಲಸದಲ್ಲಿ ಇರಲಿಲ್ಲ."

ಮೂರನೆಯದರ ಕಡತ ಬಂದದ್ದು ಗುರುವಾರ ನಸುಕಿಗೆ.
ಆ ಬೆಳಕು ಮನೆ ಬಿಟ್ಟು ಮುನ್ನೂರು ವರ್ಷ;
ನಮ್ಮ ನೆಟ್ಟಿನಲ್ಲಿ ಇಳಿಯಲು ಇನ್ನಿಪ್ಪತ್ತು ನಿಮಿಷ.
ಕೆಳಗೆ ಹಾಲಿನವನ ಕ್ರೇಟುಗಳ ಸದ್ದು.
ಇಷ್ಟು, ಇಷ್ಟು, ಇಷ್ಟು,
ಗೆರೆ ಪರದೆಯ ಎಡದಿಂದ ಹೊರಟಾಗ
ಅಪ್ಪ ಎದ್ದು ಹೋಗಿ
ಖೋಲಿಯ ಟ್ಯೂಬ್‌ಲೈಟು ಆರಿಸಿ ಬಂದ,
ಅದಕ್ಕೆ ದಾರಿ ಕಾಣಲಿ ಎಂಬಂತೆ.