ಆರು ಬೈ ಆರು

ಮುಲುಂಡ್ ಪಶ್ಚಿಮ, ಫರಸಾಣ್ ಅಂಗಡಿಯ ಮೇಲೆ
ಎರಡನೇ ಮಹಡಿ. ಲಿಫ್ಟಿನೊಳಗೂ ಕರಿದೆಣ್ಣೆಯ ವಾಸನೆ.
ಟೋಕನ್ನು ನಲವತ್ತೇಳು.
ಹತ್ತಕ್ಕೆ ಬನ್ನಿ ಅಂದಿದ್ದರು, ಒಂಬತ್ತೂವರೆಗೇ ಹೋಗಿ ಕೂತೆ;
ವಾಚು ರಿಪೇರಿಯವನು ತಡವಾಗಿ ಹೋದರೆ ಜನ ನಗುತ್ತಾರೆ.

ಗೋಡೆಯ ಗಡಿಯಾರ ಏಳು ನಿಮಿಷ ಹಿಂದಿತ್ತು.
ನಾನು ಹೇಳಲಿಲ್ಲ.

ಇದು ನಾಲ್ಕನೇ ಸಲ. ಮೊದಲ ಸಲ
ಲಿಪ್‌ಸ್ಟಿಕ್ಕಿನ ಹುಡುಗಿಯೊಬ್ಬಳು ಬಣ್ಣದ ಹಾಳೆ ಬಿಡಿಸಿ
ಲೆನ್ಸು ಮೂರು ಥರ ಅಂದಿದ್ದಳು, ಹೋಟೆಲಿನ ಮಾಣಿಯ ಹಾಗೆ:
ಸಾದಾ, ಮಸಾಲೆ, ಸ್ಪೆಷಲ್.
"ಸಾದಾ ಹಾಕಿಸಿಕೊಂಡರೆ ಹಾಕಿಸಿಕೊಳ್ಳಿ ಬಾಬಾ,
ಆಮೇಲೆ ನಮ್ಮನ್ನು ಬಯ್ಯಬೇಡಿ."
ಜಲಜಾಕ್ಷಿ ಚೀಟಿ ಎತ್ತಿದಳು. ಮಸಾಲೆ ಹಾಕಿಸಿಕೊಂಡೆ.

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂತಾರಲ್ಲ,
ಇಲ್ಲಿ ಅದು ಬರೀ ಮಾತಲ್ಲ.
ಗದ್ದ ಎತ್ತಿಸಿ ಎರಡು ಹನಿ, ಚುರ್ರ್.
ಕಾಲು ಗಂಟೆ ಬಿಟ್ಟು ಮತ್ತೆರಡು.
ಮುಚ್ಚಿಕೊಂಡಿರಿ ಅಂದರು, ಮುಚ್ಚಿಕೊಂಡೆ.

ಮುಚ್ಚಿದವನಿಗೆ ಕಿವಿ ಬಿಟ್ಟರೆ ಇನ್ನೇನು ಕೆಲಸ?
ಪರದೆಯ ಆಚೆ ಒಬ್ಬೊಬ್ಬರೇ ಓದುತ್ತಿದ್ದರು
ಈ. ಎಫ್ ಪಿ. ಟಿ ಓ ಝಡ್.
ಗುಜರಾತಿ ಅಜ್ಜಿ ಜಪಮಣಿ ಎಣಿಸಿದಂತೆ,
ಶಾಲೆಯ ಹುಡುಗ ಓಡುವ ಬಸ್ಸು ಹಿಡಿದಂತೆ,
ಇನ್ನೊಬ್ಬ ಐದನೇ ಸಾಲಿಗೆ ಬಂದು ಕೆಮ್ಮಿ
"ಇದು ಎಂಥದೋ ಇರುವೆ" ಅಂದ, ಮರಾಠಿಯಲ್ಲಿ.
ಒಂದು ಗಂಟೆ. ಎರಡು. ಇಪ್ಪತ್ತು ಜನ, ಮೂವತ್ತು ಜನ.
ಊಟದ ಹೊತ್ತಿಗೆ ಹದಿನೇಳರ ಮಗ್ಗಿಯಂತೆ
ಎಂಟನೇ ಸಾಲೂ ನನಗೆ ಬಾಯಿಪಾಠ:
ಡಿ ಈ ಎಫ್ ಪಿ ಓ ಟಿ ಈ ಸಿ.

"ಬಾಮನ್ ಕರ್ಕರೇ!"
ವಾಮನ ಕರ್ಕೇರ. ಇರಲಿ, ಎದ್ದೆ.
ಎಡಗಣ್ಣಿಗೆ ಕಪ್ಪು ಚಮಚ. ಬಲಗಣ್ಣಿಂದ ಓದಿ ಅಂದಳು,
ಮೂವತ್ತೊಂಬತ್ತು ವರ್ಷ ಭೂತಗನ್ನಡಿ ಕಚ್ಚಿ ಹಿಡಿದ ಕಣ್ಣು,
ಕೂದಲಿನಷ್ಟು ಸ್ಪ್ರಿಂಗಿನ ಸಿಕ್ಕು ಬಿಡಿಸಿದ ಕಣ್ಣು.
ಎದುರಿಗೆ ಬೆಳಕಿನ ಪೆಟ್ಟಿಗೆ, ಅದರ ಸುತ್ತ ಉಂಗುರ,
ಉಂಗುರದ ಸುತ್ತ ಇನ್ನೊಂದು,
ನಡುವೆ ಹಾಲಿಗೆ ಬಿದ್ದ ಸಾಸಿವೆ.

ಕಾಣುವುದಿಲ್ಲ ಅನ್ನಬೇಕಿತ್ತು.

ಯಾಕೆ ಓದಿದೆನೋ. ಒಂದೂ ತಪ್ಪಿಲ್ಲದೆ, ಕೊನೆಯ ತನಕ,
ಸ್ವರ ಏರಿಸಿ, ಇನ್ಸ್‌ಪೆಕ್ಟರು ಬಂದ ದಿನದ
ನಾಲ್ಕನೇ ಕ್ಲಾಸಿನ ಹುಡುಗನಾಗಿ.
"ವಾಹ್ ಬಾಬಾ" ಅಂದಳು. ಫೈಲಿಗೆ ಬರೆದಳು
ಆರು ಬೈ ಆರು.

ಡಾಕ್ಟರು ಕೊಟ್ಟದ್ದು ತೊಂಬತ್ತು ಸೆಕೆಂಡು.
ಅಷ್ಟನ್ನು ಎಣಿಸಲು ನನಗೆ ಕಣ್ಣು ಬೇಡ.
ಸರ್, ಸೆಕೆಂಡು ಮುಳ್ಳು ಎರಡಾಗಿ ಕಾಣ್ತದೆ ಅಂದೆ.
ಅವರು ಫೈಲು ನೋಡಿದರು.
ರಾತ್ರಿ ದೀಪಗಳಿಗೆ ಕೂದಲು ಬೆಳೆದ ಹಾಗೆ ಅಂದೆ.
ಅವರು ಫೈಲು ನೋಡಿದರು.
"ಫಸ್ಟ್ ಕ್ಲಾಸ್ ಇದೆ. ವಯಸ್ಸಾಯಿತಲ್ಲ, ಅಭ್ಯಾಸ ಆಗುತ್ತೆ."
ಇನ್ನೊಂದು ಡ್ರಾಪ್ಸು ಬರೆದರು.
ಅಂಗಡಿ ಅವರದೇ, ಕೆಳಗೆ.

ಜಲಜಾಕ್ಷಿ ಕೇಳಿದಳು ಏನಂದರು?
ನಾನು ಏನಂದೆ ಅಂತ ಕೇಳಲಿಲ್ಲ, ಪುಣ್ಯ.

ಮರುದಿನ ಮಾಟುಂಗದ ಮೆಟ್ಟಿಲ ಕೆಳಗಿನ ನನ್ನ ಗೂಡಿಗೆ
ಫ್ರೆನಿ ಬಾಯಿ ಬಂದರು, ಉಗುರಿನಷ್ಟೇ ಅಗಲದ ಆ ವಾಚು ಹಿಡಿದು.
ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತದಂತೆ.
ಇದು ಅವರದೂ ನಾಲ್ಕನೇ ಸಲ.
ಹೋದ ಸಲ ನಾನು ಮುಚ್ಚಳವನ್ನೂ ಬಿಚ್ಚದೆ
ಕಿವಿಗಿಟ್ಟು ಹೇಳಿದ್ದೆ: ವಾಚು ಫಸ್ಟ್ ಕ್ಲಾಸ್,
ನಿಮ್ಮ ಕೈ ಸ್ವಲ್ಪ ಬಿಸಿ, ಅದಕ್ಕೇ.
ಅವರು ತಮ್ಮ ಕೈಯನ್ನೇ ನೋಡಿಕೊಂಡು ಹೋಗಿದ್ದರು.

ಈಗಲೂ ಕೈ ಮುಂದೆ ಚಾಚಿ ನಿಂತಿದ್ದಾರೆ, ತಣ್ಣೀರಲ್ಲಿ
ತೊಳೆದುಕೊಂಡು ಬಂದಿದ್ದಾರೇನೋ, ಒದ್ದೆ ಇದೆ.
ಗಾಜು ಬಿಚ್ಚಿದೆ. ಚಕ್ರವೋ ಅದರ ನೆರಳೋ
ಯಾವುದು ತಿರುಗುತ್ತಿದೆ ಗೊತ್ತಾಗಲಿಲ್ಲ.

ಬಿಟ್ಟು ಹೋಗಿ ಬಾಯಿ,
ನೋಡ್ತೇನೆ ಅಂದೆ.

ಮಾತಿಗೆ ಅಂದದ್ದು.