ಏನೂ ಹಾಕಬ್ಯಾಡ

ಡಬ್ಬಿಯ ಮೇಲೆ ಸಾವಿರದಿನ್ನೂರು ವ್ಯಾಟ್ ಅಂತ ಬರೆದಿರುತ್ತೆ.
ನಂಬಬೇಡಿ. ಹೆಣ್ಣು ನೋಡಲು ಬಂದ ದಿನ
ಗಂಡಿನ ಸೋದರಮಾವ ಹೇಳುವ ಎಕರೆ ಲೆಕ್ಕ ಅದು.
ನಿಜವಾಗಿ ಉಳುಮೆಯಲ್ಲಿರುವುದು ಅರವತ್ತು;
ಸಣ್ಣಕ್ಷರದಲ್ಲಿ, ಬಾರ್‌ಕೋಡಿನ ಪಕ್ಕ
ನಾಚಿಕೊಂಡು ನಿಂತಿರುತ್ತದೆ.

ಪಿ.ಬಿ. ರಸ್ತೆಯಲ್ಲಿ ನನ್ನದು ಹತ್ತಡಿ ಅಂಗಡಿ.
ಎದುರಿಗೆ ಪಂಕ್ಚರ್, ಪಕ್ಕದಲ್ಲಿ ಮಂಡಕ್ಕಿ ಮೆಣಸಿನಕಾಯಿ ಗಾಡಿ.
ಹುಡುಗರು ಬರುತ್ತಾರೆ. ನಂಬರ್ ಪ್ಲೇಟು ನಡುಗಬೇಕಣ್ಣ,
ಜಯದೇವ ಸರ್ಕಲ್ಲಿನಲ್ಲಿ ಹಚ್ಚಿದರೆ
ವಿದ್ಯಾನಗರದ ನಾಯಿ ಏಳಬೇಕಣ್ಣ ಅನ್ನುತ್ತಾರೆ.
ಡಿಕ್ಕಿಯ ತುಂಬ ಹನ್ನೆರಡಿಂಚಿನ ವೂಫರ್ ಕೂರಿಸಿ
ಸ್ಟೆಪ್ನಿಯನ್ನು ಮನೆಗೆ ಕಳಿಸುತ್ತೇನೆ.
ನನ್ನ ಮಗಳ ಶಾಲೆಯ ಫೀಜು ಆ ಗುಡುಗಿನಲ್ಲೇ ಇದೆ,
ಸುಳ್ಳು ಹೇಳಲಾರೆ.

ಮುರಿಗೆಪ್ಪ ಬಂದದ್ದು ಒಂದು ಮಂಗಳವಾರ,
ಮೂರು ಕೈ ದಾಟಿದ ಮಾರುತಿಯಲ್ಲಿ.
ಊರಿಗೆಲ್ಲ ಗೊತ್ತಿರುವ ದನಿ, ಯಾರಿಗೂ ಗೊತ್ತಿರದ ಮುಖ.
ಮೂವತ್ತೊಂದು ವರ್ಷ ಆಟೋ ನೆತ್ತಿಗೆ ಎರಡು ಹಾರ್ನ್ ಕಟ್ಟಿ
ಸೀರೆ ರಿಯಾಯಿತಿ, ನೀರು ಬಾರದ ವಾರ್ಡು,
ನಾಟಕ ಕಂಪನಿ, ಕಳೆದುಹೋದ ಹುಡುಗನ ಅಂಗಿಯ ಬಣ್ಣ
ಎಲ್ಲವನ್ನೂ ಒಂದೇ ಏರುದನಿಯಲ್ಲಿ ಹಂಚಿದವ.

ದೊಡ್ಡ ಆಂಪ್ಲಿಫೈಯರನ್ನೇ ಇಳಿಸಿದೆ.
ಹಾಡು ಹಾಕಲು ಹೋದರೆ ಕೈ ಹಿಡಿದ.
'ಏನೂ ಹಾಕಬ್ಯಾಡ. ವಾಲ್ಯೂಮ್ ಪೂರ್ತಿ ಏರ್ಸು, ಸುಮ್ನಿರು.'

ಈ ಪರೀಕ್ಷೆ ನನಗೆ ಯಾರೂ ಕಲಿಸಿರಲಿಲ್ಲ.
ನಮ್ಮ ಉಸ್ತಾದ್ ದಸ್ತಗೀರ್ ಸಾಬರೂ
ಮೊದಲು ಹಾಡು ಹಾಕಿ ಆಮೇಲೆ ರೇಟು ಹೇಳುತ್ತಿದ್ದರು.

ಸುಮ್ಮನಿದ್ದೆವು.
ಬಾಣಲೆಗೆ ಮೆಣಸಿನಕಾಯಿ ಬಿಟ್ಟ ಹಾಗೆ
ಸ್ಸ್ ಎಂದಿತು ಸ್ಪೀಕರು.
'ಇದು ಖಾಲಿ ಇದ್ದಾಗ್ಲೂ ಮಾತಾಡ್ತೈತೆ. ಬ್ಯಾಡ.'
ಎರಡನೆಯದು ಗುಂಯ್. ಮೂರನೆಯದಕ್ಕೆ ದಮ್ಮು.
ಕಪಾಟಿನ ತಳದಲ್ಲಿ ಧೂಳು ಹಿಡಿದಿದ್ದ, ನಾನೇ ಮರೆತಿದ್ದ
ನಲವತ್ತೈದು ವ್ಯಾಟಿನ ಪುಟ್ಟದೊಂದನ್ನು ಹಚ್ಚಿದಾಗ
ಪಕ್ಕದ ಗಾಡಿಯಲ್ಲಿ ಜಾಲರಿ ಸೌಟಿನಿಂದ
ಎಣ್ಣೆ ಬಸಿಯುವುದು ಕೇಳಿತು.
'ಇದು', ಅಂದ.

ಸ್ಪೀಕರಿಗೆ ಅರ್ಧ ದಿನ ಹಿಡಿಯಿತು.
ಕಾಗದದ ಕೋನು, ರಬ್ಬರ್ ಅಂಚು, ಆರೂವರೆ ಇಂಚು, ನಾಲ್ಕು ಓಮ್.
ಹೊಳೆಯುವ ಟ್ವೀಟರೊಂದನ್ನು ಕೇಳಿ
'ಸಕಾರ ಸೀಳ್ತೈತೆ' ಅಂತ ವಾಪಸ್ ಇಟ್ಟ.
ಬಾಗಿಲು ಬಡಿದು ನೋಡಿದ: ಹಿಟ್ಟಿನ ಡಬ್ಬಿ.
ಒಳಮೈಗೆಲ್ಲ ಡಾಂಬರಿನ ಹಾಳೆ ಅಂಟಿಸಿದೆ.

ಎಂಜಿನ್ ಹಚ್ಚಿದರೆ ಆಕ್ಸಲರೇಟರ್ ಜೊತೆ ಏರುವ ಕೀರಲು.
ಅರ್ತ್ ಸರಿಯಿರಲಿಲ್ಲ. ಸೀಟಿನಡಿಯ ಬಣ್ಣ ಕೆರೆದೆ.
ಮೊದಲು ಬಿಳಿ, ಅದರಡಿ ಕೆಂಪು,
ಅದರಡಿ ಯಾವನೋ ಮೊದಲ ಮಾಲೀಕನ ನೀಲಿ,
ಬರೀ ಕಬ್ಬಿಣ ಕಾಣುವವರೆಗೆ.
ಬೋಲ್ಟ್ ಬಿಗಿದೆ. ನಿಂತಿತು.

'ಇಷ್ಟು ಜೋರು ಬದುಕಿ ಇಷ್ಟು ಸಣ್ಣದ್ಯಾಕ್ರಿ?' ಕೇಳಿದೆ.
'ಹಾರ್ನ್ ಮುಂದಕ್ ಕೂಗ್ತಿತ್ತು, ನಾನು ಕೆಳಗ್ ಕೂತಿರ್ತಿದ್ದೆ.
ನನ್ ದನಿ ನಂಗೆ ಬರ್ತಿದ್ದು ಗೋಡೆಗ್ ಬಡಿದು,
ಹರಿದು, ಒಂದು ಮಾತು ತಡವಾಗಿ.
ಮೂವತ್ತೊಂದು ವರ್ಷ ಅದ್ರ ಬೆನ್ನಷ್ಟೇ ನೋಡೀನಿ.'
ಚಹಾ ಕುಡಿದ. ಲೋಟ ಕೆಳಗಿಟ್ಟದ್ದು ಕೇಳಿಸಲಿಲ್ಲ.

ಬಿಲ್ಲು ಕಡಿಮೆಯಾಯಿತು; ನನಗೆ ಸ್ವಲ್ಪ ಬೇಜಾರೇ ಆಯಿತು.

ಕಿಸೆಯಿಂದ ಪೆನ್‌ಡ್ರೈವ್ ತೆಗೆದು, ನನ್ನತ್ತ ನೋಡದೆ
ಗಾಜು ಏರಿಸಿಕೊಂಡ.
ಅಂಗಡಿಯ ಹಾಡು ನಿಲ್ಲಿಸಿ ಕಿವಿಗೊಟ್ಟೆ.
ಇಪ್ಪತ್ತು ವರ್ಷದಲ್ಲಿ ನಾನು ಕಳಿಸಿದ ಯಾವ ಕಾರೂ
ಹೀಗೆ ಹೋದದ್ದಿಲ್ಲ, ಒಂದು ಹನಿಯೂ ಸೋರದೆ.
ಹರಿಹರದ ಕಡೆ ಹೊರಳುವಾಗ ಹಿಂದಿನ ಗಾಜಿನಲ್ಲಿ
ಅವನ ತಲೆ ಯಾವುದಕ್ಕೋ ಹೌದು ಹೌದು ಅನ್ನುತ್ತಿತ್ತು.
ಅಲ್ಲಿ ರಸ್ತೆ ಗುಂಡಿಯೂ ಇದೆ.